ನಾದಿನಿ ಹಾಕಿದ ನಕ್ಷೆ

ಫೆಬ್ರವರಿ 4

ಅಣ್ಣಾ,

ಮನೆ ಸಿಕ್ಕಿತೆಂಬ ನಿನ್ನ ಕಾರ್ಡು ಬಂತು. ನಾಲ್ಕನೇ ಮಹಡಿ, ನಡುಮನೆ, ಒಂದು ದೊಡ್ಡ ಕೋಣೆ, ಒಂದು ಚಿಕ್ಕ ಕೋಣೆ, ಅಡುಗೆಮನೆ, ಪೂರ್ವಕ್ಕೆ ಅಗಲವಾದ ಕಿಟಕಿ. ಇಷ್ಟು ಬರೆಯಲು ಮದುವೆಯಾದಂದಿನಿಂದ ಇಂದಿನವರೆಗೂ ನಿನಗೆ ಪುರುಸೊತ್ತು ಸಿಕ್ಕಿರಲಿಲ್ಲ. ಇರಲಿ. ದಿನವಿಡೀ ಪ್ರೆಸ್ಸಿನಲ್ಲಿ ಬೇರೆಯವರ ಮಾತು ಅಚ್ಚು ಹಾಕುವವನಿಗೆ ಸ್ವಂತ ಮಾತು ಬರೆಯಲು ಬೇಸರ ಎಂಬುದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ನಮ್ಮ ಮನೆಯ ನಕ್ಷೆ ನಾನು ಹಾಕುತ್ತೇನೆ. ಬೇರೆ ಯಾರ ಕೈಗೂ ಕೊಡಬೇಡ. ಮರಗೆಲಸ ಕಲಿಯಲು ಇಷ್ಟು ದೂರ ಬಂದದ್ದು ಮತ್ತೇತಕ್ಕೆ? ಫೋನು ಮಾಡು ಎನ್ನಬೇಡ. ಅಳತೆ ಕಿವಿಯಿಂದ ಕಿವಿಗೆ ಹೋದರೆ ಬಾಗಿಲು ಹೋಗಿ ಕಿಟಕಿಯಾಗುತ್ತದೆ. ಕಾಗದದಲ್ಲೇ ಬರಲಿ.

ಈಗಿನವರ ಮನೆ ನೋಡಿದ್ದೀಯಲ್ಲ. ಗೋಡೆ ತುಂಬ ಕಪಾಟು, ಕಪಾಟು ತುಂಬ ಸಾಮಾನು, ಸಾಮಾನಿನ ಮೇಲೆ ಧೂಳು, ಆ ಧೂಳು ಒರೆಸಲು ಮತ್ತೊಂದು ಸಾಮಾನು. ಮನುಷ್ಯ ತನ್ನ ಮನೆಯಲ್ಲೇ ಓರೆಯಾಗಿ ನಡೆಯುತ್ತಾನೆ. ಪ್ರೆಸ್ಸಿನಲ್ಲಿ ಹಾಳಾದ ಪ್ರತಿಗಳೆಂದು ನೀನು ತಂದುಕೊಡುತ್ತಿದ್ದ ಮಾನವಕುಲದ ಬಿಡುಗಡೆಯ ಪುಸ್ತಿಕೆಗಳಲ್ಲೇ ನಾನು ಇದನ್ನು ಕಲಿತದ್ದು. ಬೇಡದ ವಸ್ತು ಎಂದರೆ ಕರೆಯದೆ ಬಂದು ಎದ್ದು ಹೋಗದ ನೆಂಟ. ನಾವಿಬ್ಬರೂ ಅದನ್ನು ಗಟ್ಟಿಯಾಗಿ ಓದಿ ಎಷ್ಟು ನಕ್ಕಿದ್ದೆವು!

ಹಾಗೆಂದು ಮನೆಯನ್ನು ಆಸ್ಪತ್ರೆ ಮಾಡುವವಳಲ್ಲ ನಾನು. ಗೋಡೆಗೆ ಬರಿ ಬಿಳಿ ಬೇಡ, ಚಿಟಿಕೆ ಹಳದಿ ಮಣ್ಣು ಬೆರೆಸಿದ ಬಿಳಿ. ಬೆಳಗಿನ ಬಿಸಿಲು ತಾಕಿದಾಗ ಒಣಹುಲ್ಲಿನ ಬಣ್ಣ ಬರಬೇಕು. ಚಾವಣಿಯ ನಡುವೆ ದೀಪ ಬೇಡವೇ ಬೇಡ. ಮೇಲಿಂದ ಬೀಳುವ ಬೆಳಕಿನಲ್ಲಿ ಎಲ್ಲರದೂ ಅಪರಾಧಿಯ ಮುಖ. ಮೂರು ಕಡೆ ಗಿಡ್ಡ ದೀಪ ಸಾಕು, ಕೂತವರ ಭುಜದ ಮಟ್ಟಕ್ಕೆ. ಕಪಾಟುಗಳು ನೆಲದಿಂದ ಒಂದು ಗೇಣು ಮೇಲೆ ನಿಲ್ಲಲಿ. ನೆಲ ಗೋಡೆಯವರೆಗೂ ಕಂಡರೆ ಕಿರಿದಾದ ಮನೆಯೂ ಉಸಿರಾಡುತ್ತದೆ. ಮರಕ್ಕೆ ಎಣ್ಣೆ ಮಾತ್ರ, ಹೊಳಪಿನ ಬಣ್ಣ ಬಳಿಯಬಾರದು. ಮುಟ್ಟಿದರೆ ಮರವೆಂದು ಕೈಗೆ ಗೊತ್ತಾಗಬೇಕು. ಕಿಟಕಿಯ ಕೆಳಗೆ ಉದ್ದಕ್ಕೂ ಒಂದು ಬೆಂಚು. ಅದರ ಹೊಟ್ಟೆಯೊಳಗೆ ಚಪ್ಪಲಿ, ಛತ್ರಿ, ಹಾಸಿಗೆಬಟ್ಟೆ ಎಲ್ಲ ಮಾಯ. ಬೆಂಚಿಗೆ ಒರಗು ಇಡುವುದಿಲ್ಲ. ಒರಗಿದವನು ಓದುವುದಿಲ್ಲ, ತೂಕಡಿಸುತ್ತಾನೆ. ಅದರ ಉದ್ದ ನಿನ್ನ ಕಾಲಿನ ಅಳತೆಗೆ ಈಗಾಗಲೇ ನನ್ನ ತಲೆಯಲ್ಲಿದೆ.

ಚಿಕ್ಕ ಕೋಣೆ ನನ್ನದು. ಅಕ್ಟೋಬರಿನಲ್ಲಿ ತರಬೇತಿ ಮುಗಿಯುತ್ತದೆ. ಒಂದು ಹಲಗೆ, ಒಂದು ಮೇಜು, ಅಂಗಿ ತೂಗುಹಾಕಲು ಒಂದು ಮೊಳೆ. ಅಮ್ಮ ಹೋದ ಮೇಲೆ ಒಂದೇ ಕೋಣೆಯಲ್ಲಿ ನೀನು ನನ್ನನ್ನು ಸಾಕಿದೆ. ಈಗ ನನಗೊಂದು ಬಾಗಿಲು ಬಂತು ಎಂದು ನಗಬಹುದು.

ಅಳತೆಗಳನ್ನು ಕಳಿಸು. ಅತ್ತಿಗೆಗೂ ಏನಾದರೂ ಬೇಕಿದ್ದರೆ ಕೇಳು.

ತಪ್ಪು ಹುಡುಕುತ್ತಾಳೆಂದು ನೀನೇ ಹೆಸರಿಟ್ಟ ನಿನ್ನ ಜಡ್ಜಮ್ಮ

&nbsp;

ಫೆಬ್ರವರಿ 21

ನಾದಿನಿಗೆ,

ನಿಮ್ಮಣ್ಣ ಬರೆಯುತ್ತಾರೆಂದು ಕಾದೆ. ಪೆನ್ನು ಹಿಡಿದು ಕುಳಿತರು, ಕಿಟಕಿ ನೋಡಿದರು, ಪೆನ್ನಿನ ತುದಿ ಕಚ್ಚಿದರು, "ನೀನೇ ಬರಿಯೇ, ನಿನ್ನ ಅಕ್ಷರ ದುಂಡಗಿದೆ" ಎಂದು ಎದ್ದುಹೋದರು. ಹಾಗಾಗಿ ಈ ದುಂಡಗಿನ ಅಕ್ಷರ.

ಅಳತೆಗಳು ಪ್ರತ್ಯೇಕ ಹಾಳೆಯಲ್ಲಿವೆ. ನಾನು ಕೃತಕ ಹಲ್ಲು ಮಾಡುವವಳು. ನಮ್ಮಲ್ಲಿ ಕೂದಲೆಳೆಯಷ್ಟು ಹೆಚ್ಚಾದರೂ ಹಲ್ಲು ಬಾಯಲ್ಲಿ ಕೂರುವುದಿಲ್ಲ. ಆ ಚಾಳಿಯಿಂದ ಬೇಕಾದ್ದಕ್ಕಿಂತ ಹೆಚ್ಚೇ ನಿಖರವಾಗಿ ಬರೆದಿರಬಹುದು. ಕಿಟಕಿಯ ಎಡಮೂಲೆ ಬಲಮೂಲೆಗಿಂತ ಒಂದೆಳೆ ಕೆಳಗಿದೆ. ಗೋಡೆ ಕಟ್ಟಿದವರಿಗೆ ಅಂದು ಬೇಗ ಮನೆಗೆ ಹೋಗಬೇಕಿತ್ತೋ ಏನೋ.

ನನಗೇನು ಬೇಕೆಂದು ಕೇಳಿದ್ದೀರಿ. ಒಂದು ಬರಿಗೋಡೆ ಕೊಡಿ, ಸಾಕು. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ದವಡೆ ನೋಡುವವಳಿಗೆ, ಮನೆಗೆ ಬಂದಾಗ ಏನೂ ಇಲ್ಲದ ಕಡೆ ಸ್ವಲ್ಪ ಹೊತ್ತು ಕಣ್ಣಿಡಬೇಕೆನಿಸುತ್ತದೆ. ಗೋಡೆಯ ಬಣ್ಣ, ಗಿಡ್ಡ ದೀಪ, ಗೇಣೆತ್ತರದ ಕಪಾಟು ಓದಿ ಸಂತೋಷವಾಯಿತು.

ಚಿಕ್ಕ ಕೋಣೆಯ ಅಳತೆ ಹಾಳೆಯ ಕೊನೆಯಲ್ಲಿದೆ. ಅದರ ಬಗ್ಗೆ ನಿಮ್ಮಣ್ಣ ಏನೂ ಹೇಳಲಿಲ್ಲ.

ನಿಮ್ಮ ಅತ್ತಿಗೆ

&nbsp;

ಮಾರ್ಚ್ 3

ಅತ್ತಿಗೆಯವರಿಗೆ,

ಅಳತೆಗಳು ಸಿಕ್ಕವು. ಅಣ್ಣ ಬರೆದಿದ್ದರೆ ತಪ್ಪು ಅಳತೆಯೇ ಬಂದಿರುತ್ತಿತ್ತು. ಆದರೂ ಅವನೇ ಬರೆಯಬಹುದಿತ್ತು. ಅವನು ಪೆನ್ನಿನ ತುದಿ ಕಚ್ಚುವುದನ್ನು ನನಗೆ ವರ್ಣಿಸಿ ಹೇಳಬೇಕಾಗಿಲ್ಲ. ಆ ಪೆನ್ನುಗಳನ್ನೆಲ್ಲ ಆಮೇಲೆ ಬಳಸಿದವಳು ನಾನು.

ಬರಿಗೋಡೆ ಬೇಕೆಂದಿರಿ. ಸಂತೋಷ. ಆದರೆ ನನ್ನನ್ನು ಮೆಚ್ಚಿಸಲು ಹಾಗೆ ಬರೆಯಬೇಕಾಗಿಲ್ಲ. ಬರಿಗೋಡೆಯನ್ನು ಬಾಯಲ್ಲಿ ಇಷ್ಟಪಡುವವರು ಬಹಳ ಮಂದಿ. ಮೊದಲ ತಿಂಗಳು ಖಾಲಿ ಇಡುತ್ತಾರೆ, ಎರಡನೇ ತಿಂಗಳು ಒಂದು ಮೊಳೆ, ಮೂರನೇ ತಿಂಗಳು ಮೊಳೆಗೆ ತಕ್ಕ ಚಿತ್ರ. ನಾನೂ ಅಣ್ಣನೂ ಆ ಒಂದು ಕೋಣೆಯಲ್ಲಿ ಬರಿಗೋಡೆಯ ನಡುವೆ ಬದುಕಿ ತೋರಿಸಿದವರು. ಹಾಸಿಗೆಯನ್ನೂ ಬಿಟ್ಟವರು. ಅವನು ಹಲಗೆಯ ಮೇಲೆ ಮಲಗಿ ಎದ್ದು "ಬೆನ್ನು ಎಷ್ಟು ನೆಟ್ಟಗಾಯ್ತು ನೋಡೇ" ಎನ್ನುತ್ತಿದ್ದ.

ಬೆಂಚು, ಕಪಾಟು, ಅಡುಗೆ ಮೇಜು ಮೂರನ್ನೂ ಇಲ್ಲಿ ನನ್ನ ಕೈಯಲ್ಲೇ ಮಾಡಿ ಲಾರಿಗೆ ಹಾಕಿಸುತ್ತೇನೆ. ಅಲ್ಲಿ ಯಾವ ಬಡಗಿಯೂ ಮುಟ್ಟಬಾರದು. ಅಡುಗೆ ಮೇಜಿಗೆ ನಮ್ಮ ಕಾರ್ಯಾಗಾರದಲ್ಲಿ ಒಂದು ಪದ್ಧತಿಯಿದೆ. ಪುಸ್ತಕದ ಅಳತೆ ನೋಡುವುದಿಲ್ಲ. ಮನುಷ್ಯರನ್ನು ಗೋಡೆಗೆ ನಿಲ್ಲಿಸಿ, ಮೊಣಕೈ ಮಡಿಸಿ, ಅದರಿಂದ ನಾಲ್ಕು ಬೆರಳು ಕೆಳಗೆ ಗೆರೆ ಎಳೆಯುತ್ತೇವೆ. ಬೆನ್ನು ಬಾಗುವುದಿಲ್ಲ, ಭುಜ ಏರುವುದಿಲ್ಲ. ನಿನ್ನೆ ನಾನೇ ನಿಂತು ಗೆರೆ ಎಳೆಸಿಕೊಂಡೆ. ಮೇಜು ಮನುಷ್ಯದೇಹಕ್ಕೆ ಸರಿಯಾಗಿ ಬರುತ್ತದೆ, ಚಿಂತೆ ಬೇಡ.

ಮುಂದಿನ ಸಲ ಅಣ್ಣನ ಕೈಯಲ್ಲಿ ಎರಡು ಸಾಲಾದರೂ ಬರೆಸಿ.

ನಾದಿನಿ

&nbsp;

ಏಪ್ರಿಲ್ 17

ನಾದಿನಿಗೆ,

ಲಾರಿ ಬಂತು. ನಾಲ್ಕು ಮಹಡಿ ಹತ್ತಿಸುವಷ್ಟರಲ್ಲಿ ನಿಮ್ಮಣ್ಣನ ಮುಖ ಕೆಂಪಗಾಗಿ, ಮೂರನೇ ಮಹಡಿಯ ಮುದುಕರು ಬಾಗಿಲು ತೆಗೆದು "ಶವಪೆಟ್ಟಿಗೆನಾ?" ಎಂದು ಕೇಳಿದರು. ನಿಮ್ಮಣ್ಣ "ಅಲ್ಲ ಸ್ವಾಮಿ, ನಮ್ ತಂಗಿ" ಎಂದುಬಿಟ್ಟರು. ಮುದುಕರು ಇವತ್ತಿಗೂ ನಮ್ಮನ್ನು ಒಂಥರಾ ನೋಡುತ್ತಾರೆ.

ಬೆಂಚು ಕಿಟಕಿಯ ಕೆಳಗೆ ಹಲ್ಲು ಕೂತ ಹಾಗೆ ಕೂತಿತು. ಆ ಓರೆಮೂಲೆಯನ್ನು ಕೂಡ ನೀವು ಮರೆತಿಲ್ಲ. ನಿಮ್ಮಣ್ಣ ಮರವನ್ನು ಅಂಗೈಯಿಂದ ಸವರುತ್ತ ಬಹಳ ಹೊತ್ತು ನಿಂತಿದ್ದರು. ನಾನು ಮಾಡಿದ ಯಾವ ಹಲ್ಲನ್ನೂ ಅವರು ಹಾಗೆ ನೋಡಿದ್ದಿಲ್ಲ. ಗೋಡೆಗಳು ನೀವು ಹೇಳಿದ ಬಣ್ಣಕ್ಕೇ ಬಂದಿವೆ. ಬೆಳಿಗ್ಗೆ ಎದ್ದಾಗ ಮನೆಯೊಳಗೆ ಯಾರೋ ಮೆಲ್ಲಗೆ ದೀಪ ಹಿಡಿದು ಬಂದ ಹಾಗೆ ಇರುತ್ತದೆ.

ಅಡುಗೆ ಮೇಜು ಗಟ್ಟಿಯಾಗಿದೆ. ಚೆನ್ನಾಗಿದೆ.

ಇನ್ನೊಂದು ಮಾತು. ಕಿಟಕಿಗೆ ಒಂದು ಪರದೆ ಬಂದಿದೆ. ದಪ್ಪದ್ದು, ಸಾಸಿವೆ ಬಣ್ಣ. ಬೆಂಚಿನ ಮೇಲೆ ಎರಡು ದಿಂಬೂ ಬಂದಿವೆ. ಯಾವತ್ತಾದರೂ ನಿಮಗೆ ತಿಳಿಯಲೇಬೇಕಲ್ಲ, ಅದಕ್ಕೆ ಬರೆದೆ.

ಅತ್ತಿಗೆ

&nbsp;

ಏಪ್ರಿಲ್ 26

ಅಣ್ಣಾ,

ಇದನ್ನು ಪ್ರೆಸ್ಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಏಕೆಂದು ನಿನಗೆ ಗೊತ್ತು.

ಪರದೆ ಬಂದಿದೆಯಂತೆ! ಅದಕ್ಕೆ ಕಾಲಿತ್ತೇ? ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿತೇ? ಪೂರ್ವದ ಬೆಳಕಿಗಾಗಿ ನಾನು ಇಡೀ ಮನೆಯನ್ನು ಆ ಕಿಟಕಿಯ ಸುತ್ತ ಕಟ್ಟಿದೆ. ಗೋಡೆಯ ಬಣ್ಣ ಆ ಬೆಳಕಿಗಾಗಿ, ಬೆಂಚು ಆ ಬೆಳಕಿಗಾಗಿ. ಈಗ ಅದರ ಮುಖಕ್ಕೆ ಸಾಸಿವೆ ಬಣ್ಣದ ಕಂಬಳಿ ಹೊದಿಸಿದ್ದಾರೆ. ಜತೆಗೆ ದಿಂಬು. ಇಂದು ದಿಂಬು, ನಾಳೆ ದಿಂಬಿಗೊಂದು ಗವಸು, ನಾಡಿದ್ದು ಗವಸಿಗೆ ಕಸೂತಿ. ಗೆದ್ದಲು ಹೀಗೇ ಹಿಡಿಯುವುದು.

ಬರಿಗೋಡೆ ಬೇಕೆಂದು ದುಂಡಗೆ ಬರೆದವರು ಎಷ್ಟು ಬೇಗ ಬಣ್ಣ ಬಯಲು ಮಾಡಿದರು ನೋಡು. ನನಗೆ ಅವರ ಮೇಲೆ ಸಿಟ್ಟಿಲ್ಲ. ಅವರಿಗೆ ಯಾರೂ ಕಲಿಸಿಲ್ಲ. ನಿನ್ನ ಮೇಲೆ ಸಿಟ್ಟು. ನೀನೇಕೆ ಸುಮ್ಮನಿದ್ದೆ? ಹಾಸಿಗೆ ಬಿಡುವುದು ಎಂದು ನಾನು ಹೇಳಿದ ದಿನ ಒಂದು ಮಾತೂ ಆಡದೆ ಸುರುಳಿ ಸುತ್ತಿ ಕೆಳಗಿಟ್ಟು ಬಂದವನು ನೀನು. ನನ್ನ ಓರಗೆಯವರ ಅಣ್ಣಂದಿರೆಲ್ಲ ತಂಗಿಯರಿಗೆ ಬಳೆ ತಂದುಕೊಟ್ಟರೆ ನೀನು ನನಗೆ ಓದಲು ಹಾಳೆ ತಂದುಕೊಟ್ಟೆ. ಅಂಥವನು ಈಗ ಮೆತ್ತನೆ ದಿಂಬಿಗೆ ಒರಗಿ ಕೂತು "ಹೂಂ, ಹೂಂ" ಎನ್ನುತ್ತಿರುವುದು ನನ್ನ ಕಣ್ಣಿಗೆ ಕಟ್ಟುತ್ತದೆ.

ಅವರು ಚೆನ್ನಾಗಿ ನಗಿಸುತ್ತಾರೆಂದು ಪತ್ರದಲ್ಲೇ ಗೊತ್ತಾಗುತ್ತದೆ. ನನಗೆ ನಗಿಸಲು ಬರುವುದಿಲ್ಲ. ಆದರೆ ನಿನ್ನನ್ನು ಕೆಳಗೆಳೆಯುವ ಕೆಲಸ ನಾನು ಎಂದೂ ಮಾಡಲಿಲ್ಲ.

ಈ ಪತ್ರಕ್ಕಾದರೂ ನೀನೇ ಉತ್ತರ ಬರೆ.

ಜಡ್ಜಮ್ಮ

&nbsp;

ಮೇ 11

ನಾದಿನಿಗೆ,

ಮತ್ತೆ ನನ್ನ ಅಕ್ಷರ ಕಂಡು ಮುಖ ಸಿಂಡರಿಸಬೇಡಿ. ನೀವು ಪ್ರೆಸ್ಸಿಗೆ ಬರೆದ ಪತ್ರವನ್ನು ನಾನು ಕದ್ದು ಓದಲಿಲ್ಲ. ನಿಮ್ಮಣ್ಣನೇ ತಂದು ಮೇಜಿನ ಮೇಲಿಟ್ಟು, "ಇದಕ್ಕೆ ನೀನೇ ಏನಾದ್ರೂ ಬರೆದುಬಿಡೆ, ನನ್ ಕೈಲಾಗಲ್ಲ" ಎಂದರು. ಆಮೇಲೆ ಮೂರನೇ ಮಹಡಿಯ ಮುದುಕರ ನಲ್ಲಿ ರಿಪೇರಿಗೆ ಹೋದರು. ಮುದುಕರ ನಲ್ಲಿ ಹೋದ ವಾರವೇ ರಿಪೇರಿಯಾಗಿತ್ತು.

ಪರದೆ ನನ್ನದೆಂದೇ ಇಟ್ಟುಕೊಳ್ಳಿ. ದಿಂಬುಗಳೂ ನನ್ನವೇ. ಈಗ ಒಂದು ಜಮಖಾನವೂ ಬಂದಿದೆ, ಕಂದುಬಣ್ಣದ್ದು, ಉಣ್ಣೆಯದು, ನಡೆದರೆ ಪಾದ ಮುಳುಗುತ್ತದೆ. ಅದನ್ನೂ ನನ್ನ ತಲೆಗೇ ಕಟ್ಟಿ. ಇನ್ನು ಮುಂದೆ ಬರುವುದಕ್ಕೂ ಈಗಲೇ ಒಟ್ಟಿಗೆ ಬೈದುಬಿಟ್ಟರೆ ನಿಮಗೂ ಅಂಚೆಯವರಿಗೂ ಶ್ರಮ ಕಡಿಮೆ.

ಆದರೆ ಒಂದು ವಿಷಯದಲ್ಲಿ ಸುಳ್ಳು ಹೇಳಲಾರೆ. ಗಿಡ್ಡ ದೀಪದ ಬಗ್ಗೆ ನೀವು ಬರೆದದ್ದು ನಿಜ. ಸಂಜೆ ಚಾವಣಿ ಕತ್ತಲಲ್ಲಿ ಹೋಗಿ, ಬೆಳಕೆಲ್ಲ ನಮ್ಮ ಕೈಯ ಮಟ್ಟಕ್ಕೆ ಇಳಿಯುತ್ತದೆ. ನಿಮ್ಮಣ್ಣ ಆ ಹೊತ್ತಿಗೆ ನಿಮ್ಮ ಸುದ್ದಿ ತೆಗೆಯುತ್ತಾರೆ. ಚಮಚ ಎಲ್ಲಿಡಬೇಕು ಎಂದರೆ "ಜಡ್ಜಮ್ಮ ಆಗಿದ್ರೆ ಇಲ್ಲಿಡ್ತಿದ್ಲು." ಬಾಗಿಲು ಕಿರುಗುಟ್ಟಿದರೆ "ಜಡ್ಜಮ್ಮಂಗೆ ಕೇಳಿಸಿದ್ರೆ ಎದ್ದು ಎಣ್ಣೆ ಹಾಕ್ತಿದ್ಲು." ನೀವು ಈ ಮನೆಯಲ್ಲಿಲ್ಲ ಎಂದು ನಿಮಗೆ ಯಾರು ಹೇಳಿದರು?

ನಾನು ಮದುವೆಯಾಗಿ ಬಂದದ್ದು ಒಬ್ಬರ ಜತೆ ಇರಲು. ಇಬ್ಬರ ಜತೆ ಎಂದು ಯಾರೂ ಹೇಳಿರಲಿಲ್ಲ.

ಅತ್ತಿಗೆ

&nbsp;

ಜುಲೈ 30

ಅತ್ತಿಗೆಯವರಿಗೆ,

ಉತ್ತರ ಬರೆಯದೆ ಇದ್ದದ್ದು ಕೆಲಸ ಹೆಚ್ಚಿದ್ದರಿಂದ ಅಲ್ಲ. ನಿಮ್ಮ ಪತ್ರದ ಕೊನೆಯ ಸಾಲು ಓದಿದ ಮೇಲೆ ಬರೆಯಬೇಕೆನಿಸಲಿಲ್ಲ.

ತರಬೇತಿ ಬೇಗ ಮುಗಿಯುತ್ತಿದೆ. ಇಲ್ಲಿನ ಮೇಲ್ವಿಚಾರಕರು ನನ್ನನ್ನು ಕರೆದು, "ಇಲ್ಲೇ ನಿಂತ್ಕೊಳ್ಳಮ್ಮ, ಹೊಸಬರಿಗೆ ಕಲಿಸು, ನಿನ್ನ ಬಾಯಿಗೆ ಹೆದರಿ ಆದ್ರೂ ಕಲೀತಾರೆ" ಎಂದರು. ನಾನು ಬೇಡವೆಂದೆ. ಕಾರಣ ಕೇಳಿದರು. "ನಮ್ಮನೇಲಿ ನನಗೊಂದು ಕೋಣೆ ಇದೆ" ಎಂದೆ. ಎರಡನೇ ಸಲ ಯೋಚಿಸಲೂ ಇಲ್ಲ. ಇಲ್ಲಿ ಕಲಿತದ್ದನ್ನು ಅಲ್ಲಿನ ಬೀದಿಯ ಪ್ರತಿ ಮನೆಗೂ ಒಯ್ಯಬೇಕೆಂದು ಅಂದುಕೊಂಡಿದ್ದೇನೆ. ಅದಕ್ಕೆ ಅಣ್ಣ ಪಕ್ಕದಲ್ಲಿರಬೇಕು. ಮೊದಲಿನ ಹಾಗೆ ಸಂಜೆ ಒಬ್ಬರು ಓದಿ ಒಬ್ಬರು ಕೇಳಬೇಕು.

ಸೆಪ್ಟೆಂಬರ್ ಕೊನೆಗೆ ಬರುತ್ತೇನೆ. ಚಿಕ್ಕ ಕೋಣೆಯಲ್ಲಿ ನಿಮ್ಮ ಸಾಮಾನು ಏನಾದರೂ "ಬಂದಿದ್ದರೆ" ದಯವಿಟ್ಟು ತೆಗೆಸಿ. ಪರದೆ, ದಿಂಬು, ಜಮಖಾನದ ಮಾತನ್ನು ನಾನು ಬಂದ ಮೇಲೆ ಮೂವರೂ ಕೂತು ಆಡೋಣ.

ನಾದಿನಿ

&nbsp;

ಆಗಸ್ಟ್ 9

ಜಡ್ಜಮ್ಮಾ,

ಇನ್ನು ನೀವು ಗೀವು ಎಲ್ಲ ಸಾಕು. ಇವತ್ತು ನೀನು ಎಂದೇ ಬರೆಯುತ್ತೇನೆ. ಸಿಟ್ಟು ಬಂದಾಗ ನನಗೆ ಬಹುವಚನ ಬಾಯಿಗೆ ಬರುವುದಿಲ್ಲ.

ಪರದೆ ತಂದದ್ದು ನಿನ್ನ ಅಣ್ಣ. ದಿಂಬು ತಂದದ್ದು ನಿನ್ನ ಅಣ್ಣ. ಜಮಖಾನವನ್ನು ಹೆಗಲ ಮೇಲೆ ಹೊತ್ತು, ಪೆಟ್ಟಿಗೆ ಅಂಗಡಿಯಿಂದ ಮಿಠಾಯಿ ತಂದ ಮಗುವಿನ ಮುಖ ಮಾಡಿಕೊಂಡು ಬಂದದ್ದು ನಿನ್ನ ಅಣ್ಣ. ಚಿಕ್ಕ ಕೋಣೆಯಲ್ಲಿ ಈಗ ಒಂದು ಸೋಫಾ ಇದೆ. ಮೂವರು ಕೂರುವಂಥದ್ದು, ಹಸಿರು ಮಖಮಲ್ಲು, ಕೂತರೆ ಏಳಲು ಇನ್ನೊಬ್ಬರು ಕೈ ಕೊಡಬೇಕು. ಅಷ್ಟು ಕುರೂಪದ ವಸ್ತುವನ್ನು ನಾನು ದವಡೆಗಳ ಲೋಕದಲ್ಲೂ ಕಂಡಿಲ್ಲ. ಭಾನುವಾರ ಊಟವಾದ ಮೇಲೆ ಬಾಗಿಲು ಮುಚ್ಚಿಕೊಂಡು ಅದರಲ್ಲಿ ಮಲಗುತ್ತಾರೆ. ಗೊರಕೆ ನಾಲ್ಕು ಮಹಡಿಗೂ ಕೇಳಿಸುತ್ತದೆ.

ಬರಿಗೋಡೆ ಬೇಕೆಂದು ಬರೆದಾಗ ನಿಜವನ್ನೇ ಬರೆದೆ. ಈ ಮನೆಯಲ್ಲಿ ನಿನ್ನ ನಕ್ಷೆಯನ್ನು ಇಷ್ಟಪಟ್ಟವಳು ಯಾರಾದರೂ ಇದ್ದರೆ ಅದು ನಾನು. ದೊಡ್ಡ ಕೋಣೆಯ ಪಡುಗೋಡೆಯನ್ನು ಕಾವಲು ನಿಂತು ಕಾಯುತ್ತಿದ್ದೇನೆ. ಅದರ ಮೇಲೆ ಒಂದು ಕ್ಯಾಲೆಂಡರ್ ಹಾಕಲು ಅವರು ಮೂರು ಸಲ ಸುತ್ತಿಗೆ ಹಿಡಿದು ಬಂದಿದ್ದಾರೆ.

"ನೀವೇ ಅವಳಿಗೆ ಹೇಳಬಾರದಾ?" ಎಂದು ಕೇಳಿದೆ. "ಅವಳು ನನ್ನನ್ನ ದೊಡ್ಡ ಮನುಷ್ಯ ಅಂದ್ಕೊಂಡಿದಾಳೆ ಕಣೆ. ಹಾಗೇ ಇರ್ಲಿ ಬಿಡು. ನಿನ್ ಹೆಸರು ಹೇಳಿದ್ರೆ ಏನಾಗುತ್ತೆ, ಅತ್ತಿಗೇನ ಬಯ್ಯೋದು ಲೋಕರೂಢಿ" ಎಂದರು. ನಾನು ಒಪ್ಪಿದೆ. ನನಗೆ ಒಂದು ಆಸೆಯಿತ್ತು. ನೀನು ನನ್ನನ್ನು ಬೈದಷ್ಟೂ ಅವರು ನನ್ನ ಕಡೆ ಒಂದು ಹೆಜ್ಜೆ ಬರುತ್ತಾರೆ ಎಂದು. ಬರಲಿಲ್ಲ. ನಿನ್ನ ಪತ್ರ ಬಂದ ದಿನವೆಲ್ಲ ಸಪ್ಪಗಿರುತ್ತಾರೆ. ಬಾರದ ದಿನ ಎರಡು ಸಲ ಅಂಚೆಪೆಟ್ಟಿಗೆ ನೋಡುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ಹಾಸಿಗೆಯ ಕತೆಯನ್ನೂ ಕೇಳು. ನೀನು ಹಾಸಿಗೆ ಬಿಡಿಸಿದ ಮೇಲೆ ಅವರ ಬೆನ್ನು ನೆಟ್ಟಗಾಗಲಿಲ್ಲ. ಮಧ್ಯಾಹ್ನ ಪ್ರೆಸ್ಸಿನಲ್ಲಿ ಕತ್ತರಿಸಿ ಬಿಸಾಡಿದ ಕಾಗದದ ರಾಶಿಯ ಮೇಲೆ ಮಲಗಿ ನಿದ್ದೆ ತೀರಿಸಿಕೊಳ್ಳುತ್ತಿದ್ದರಂತೆ. ಎದ್ದಾಗ ಕಿವಿಯಲ್ಲೆಲ್ಲ ಕಾಗದದ ಚೂರು. ಮದುವೆಯಾದ ಮರುದಿನವೇ ನನಗೆ ಹೇಳಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೇನೇ ಇಲ್ದಿದ್ರೆ ಕಾಲನ್ನ ಏನ್ ಮಾಡೋದು?" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ನೋಡಿದರೆ ಅವರ ಕಣ್ಣು ಒದ್ದೆಯಾಗಿತ್ತು.

ನಿನ್ನ ಅಡುಗೆ ಮೇಜಿನ ವಿಷಯ. ಅದು ನನ್ನ ಎದೆಗೆ ಬರುತ್ತಿತ್ತು. ನೀನು ನಿನ್ನ ಮೊಣಕೈಗೆ ಗೆರೆ ಎಳೆಸಿಕೊಂಡೆ. ಅಲ್ಲಿ ನಿಲ್ಲುವವಳು ನಾನು, ನಾನು ನಿನ್ನ ಭುಜಕ್ಕೆ ಬರುತ್ತೇನೆ ಎಂಬುದು ಮದುವೆಯ ದಿನ ಪಕ್ಕದಲ್ಲೇ ನಿಂತಿದ್ದರೂ ನಿನ್ನ ಕಣ್ಣಿಗೆ ಬೀಳಲಿಲ್ಲ. ಎರಡು ತಿಂಗಳು ನಿನ್ನ ಪುಸ್ತಿಕೆಗಳ ಕಟ್ಟಿನ ಮೇಲೆ ಹತ್ತಿ ನಿಂತು ಅಡುಗೆ ಮಾಡಿದೆ. ಮಾನವಕುಲದ ಬಿಡುಗಡೆಯ ಮೇಲೆ ನಿಂತು ಈರುಳ್ಳಿ ಹೆಚ್ಚಿದವಳು ನಾನೊಬ್ಬಳೇ ಇರಬೇಕು. ಜೂನಿನಲ್ಲಿ ನಾನೇ ಅದರ ಕಾಲು ಕೊಯ್ದೆ. ನಾಲ್ಕೂ ಸಮ ಇವೆ, ಅಲುಗಾಡುವುದಿಲ್ಲ. ಈಗ ಚೆನ್ನಾಗಿದೆ.

ಬರಬೇಡ ಎನ್ನಲು ನಿನ್ನ ಅಣ್ಣನಿಗೆ ಬಾಯಿಲ್ಲ. ಬಾ ಎನ್ನಲು ನನಗೆ ಮನಸ್ಸಿಲ್ಲ. ಅವರು ನಿನ್ನನ್ನು ಪ್ರೀತಿಸುತ್ತಾರೆ, ನಿನಗೆ ಹೆದರುತ್ತಾರೆ. ನೀನು ಬರುವ ಸುದ್ದಿ ಓದಿದ ಮೇಲೆ ರಾತ್ರಿಯೂಟಕ್ಕೆ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದಾರೆ.

ಅತ್ತಿಗೆ

&nbsp;

ಸೆಪ್ಟೆಂಬರ್ 1

ಅತ್ತಿಗೆ,

ನಿಮ್ಮ ಪತ್ರಕ್ಕೆ ಮೊದಲು ಬರೆದ ಉತ್ತರದಲ್ಲಿ ನೀವು ಹೇಳಿದ್ದೆಲ್ಲ ಸುಳ್ಳೆಂದು ಸಾಧಿಸಿದ್ದೆ. ಚೆನ್ನಾಗಿಯೇ ಸಾಧಿಸಿದ್ದೆ. ಅಂಚೆಪೆಟ್ಟಿಗೆಯವರೆಗೂ ಹೋಗಿ ವಾಪಸ್ ತಂದೆ. ಕಿವಿಯಲ್ಲಿ ಕಾಗದದ ಚೂರು ಎಂಬುದನ್ನು ಯಾರೂ ಕಟ್ಟಿ ಹೇಳಲಾರರು. ಎಷ್ಟೋ ಸಂಜೆ ಅವನ ಕಿವಿಯಿಂದ ಆ ಚೂರುಗಳನ್ನು ತೆಗೆದವಳು ನಾನೇ. ಯಂತ್ರದ ಪಕ್ಕ ಎಷ್ಟು ದುಡಿಯುತ್ತಾನೆ ಎಂದು ಮರುಗುತ್ತಿದ್ದೆ.

ನನ್ನ ವಿಚಾರ ತಪ್ಪೆಂದು ನಾನು ಒಪ್ಪುವುದಿಲ್ಲ. ಹಸಿರು ಮಖಮಲ್ಲಿನ ಸೋಫಾ ತಪ್ಪೇ. ಅದನ್ನು ಹತ್ತು ಜನ ಪ್ರೀತಿಸಿದರೂ ತಪ್ಪೇ. ಅಡುಗೆ ಮೇಜಿನ ವಿಷಯದಲ್ಲಿ ನಾನು ತಪ್ಪಿದೆ. ಕಾಲು ಕೊಯ್ದದ್ದು ಸರಿ.

ಆದರೆ ನನ್ನನ್ನು ಸುಡುತ್ತಿರುವುದು ಸೋಫಾ ಅಲ್ಲ. ಅವನಿಗೆ ಮೆತ್ತಗಿನದು ಬೇಕಿತ್ತು ಎಂಬುದೂ ಅಲ್ಲ. ಮದುವೆಯಾದ ಮರುದಿನ ನಿಮಗೆ ಹೇಳಿದ ಎಂದಿರಿ. ಮರುದಿನ! ನನ್ನ ಜತೆ ಒಂದೇ ಕೋಣೆಯಲ್ಲಿ, ಒಂದೇ ದೀಪದ ಕೆಳಗೆ ಅಷ್ಟು ವರ್ಷ ಇದ್ದವನು, ನಿಮ್ಮನ್ನು ಕಂಡ ಮರುದಿನ ಬಾಯಿಬಿಟ್ಟ. ನಕ್ಕ, ಕಣ್ಣೊದ್ದೆ ಮಾಡಿಕೊಂಡ. ನನ್ನೆದುರು ಅವನು ಅತ್ತದ್ದನ್ನು ನಾನು ನೋಡೇ ಇಲ್ಲ. ಅಮ್ಮ ಹೋದಾಗಲೂ ಇಲ್ಲ. ನನ್ನ ಅಣ್ಣ ಗಟ್ಟಿಗ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದೆ. ನಿಮಗೆ ಸಿಕ್ಕ ಮನುಷ್ಯ ನನಗೆ ಸಿಗಲೇ ಇಲ್ಲ, ಅತ್ತಿಗೆ. ನೀವು ಅಂಚೆಪೆಟ್ಟಿಗೆಯ ಬಗ್ಗೆ ಹೊಟ್ಟೆ ಉರಿದುಕೊಳ್ಳುತ್ತೀರಿ. ಬೇಕಿದ್ದರೆ ಅದಲು ಬದಲು ಮಾಡಿಕೊಳ್ಳೋಣ: ಅಂಚೆಪೆಟ್ಟಿಗೆ ನೀವಿಟ್ಟುಕೊಳ್ಳಿ, ಆ ಮರುದಿನವನ್ನು ನನಗೆ ಕೊಡಿ.

ಮೇಲ್ವಿಚಾರಕರ ಬಳಿ ಹೋಗಿ ಇಲ್ಲೇ ಇರುತ್ತೇನೆ ಎಂದೆ. "ಕೋಣೆ ಏನಾಯ್ತಮ್ಮ?" ಎಂದರು. "ಬೇರೆಯವರು ಮಲಗಿದಾರೆ" ಎಂದೆ.

ನಾನು ಬರುವುದಿಲ್ಲ. ಅವನಿಗೆ ಹೇಳಿ, ಊಟಕ್ಕೆ ಹೇಗೆ ಬೇಕೋ ಹಾಗೆ ಕೂರಲಿ.

ನಾದಿನಿ

&nbsp;

ಸೆಪ್ಟೆಂಬರ್ 14

ಜಡ್ಜಮ್ಮಾ,

ನಿನ್ನ ಪತ್ರವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಒಂದು ಅಕ್ಷರವನ್ನೂ ಬಿಡಲಿಲ್ಲ. ಮುಗಿದ ಮೇಲೆ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಅಳುವುದು ಕೇಳಿಸಿತು. ಮದುವೆಯ ಮರುದಿನದ ಒದ್ದೆಕಣ್ಣಲ್ಲ ಇದು. ದನಿ ತೆಗೆದು ಅತ್ತರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಹೋಗಿ ಸಮಾಧಾನ ಮಾಡಬೇಕಿತ್ತು. ಮಾಡಲಿಲ್ಲ. ನನಗಾಗಿ ಇವರು ಹೀಗೆ ಎಂದಾದರೂ ಅತ್ತಾರೇ ಎಂದು ಯೋಚಿಸುತ್ತ ನಿಂತೆ. ಇಂಥ ಹೆಂಗಸು ನಾನು. ನಿನಗೆ ತಿಳಿದಿರಲಿ.

ಆಮೇಲೆ ಧಡಬಡ ಸದ್ದು. ಬಾಗಿಲು ತೆರೆದು ನೋಡಿದರೆ, ಕೋಣೆ ಖಾಲಿ ಮಾಡುತ್ತೇನೆಂದು ಸೋಫಾವನ್ನು ಒಬ್ಬರೇ ಹೊರಗೆಳೆಯುತ್ತಿದ್ದಾರೆ. ಒಳಗೆ ತರುವಾಗ ಬಾಗಿಲ ಚೌಕಟ್ಟು ಇನ್ನೂ ಕೂರಿಸಿರಲಿಲ್ಲ ಎಂಬುದನ್ನು ಇಬ್ಬರೂ ಮರೆತಿದ್ದೆವು. ಸೋಫಾ ಓರೆಯಾಗಿ ಅರ್ಧಕ್ಕೆ ಸಿಕ್ಕಿಕೊಂಡಿತು. ಒಳಗೂ ಇಲ್ಲ, ಹೊರಗೂ ಇಲ್ಲ. ಮುದುಕರು ಬಂದು ಒಂದು ಕೈ ಹಾಕಿದರು, ಇನ್ನಷ್ಟು ಬಿಗಿಯಾಯಿತು. ಈಗ ಚಿಕ್ಕ ಕೋಣೆಗೆ ಹೋಗಬೇಕಾದವರು ಮಖಮಲ್ಲಿನ ಮೇಲೆ ಹತ್ತಿ ದಾಟಬೇಕು. ಸಂಜೆ ನಿನ್ನ ಅಣ್ಣ ಆ ಬಾಗಿಲಲ್ಲೇ, ಹೊರಗೆ ಉಳಿದ ಅರ್ಧದ ಮೇಲೆ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಒರಗು ಒಳಗಿನ ಅರ್ಧದಲ್ಲಿದೆ.

"ಒಂದ್ಸಲ ಬಂದು ಹೋಗು ಅಂತ ಬರೀಬಾರದಾ?" ಎಂದೆ. "ನಾನ್ ಕರೆದ್ರೆ ಬರ್ತಾಳೆ. ಅದಕ್ಕೇ ಕರೆಯಲ್ಲ" ಎಂದರು. ಇದರ ಅರ್ಥ ನಿನಗೆ ಆಗಬಹುದು. ನನಗೆ ಆಗಲಿಲ್ಲ, ಅದಕ್ಕೂ ಹೊಟ್ಟೆ ಉರಿಯಿತು.

ಹಾಗಾಗಿ ನಾನು ಕರೆಯುತ್ತಿದ್ದೇನೆ. ಇಷ್ಟವಿಲ್ಲದೆ ಕರೆಯುತ್ತಿದ್ದೇನೆ. ಬಾ.

ಅತ್ತಿಗೆ

&nbsp;

ಸೆಪ್ಟೆಂಬರ್ 22

ಅತ್ತಿಗೆ,

ದನಿ ತೆಗೆದು ಅತ್ತನೇ? ಅದನ್ನು ಓದಿ ನನಗೆ ಸಂತೋಷವಾಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಾನೂ ಇಂಥ ಹೆಂಗಸೇ.

ಸೋಫಾವನ್ನು ಹೊರಗೆಳೆಯಬೇಡಿ. ಚೌಕಟ್ಟು ಸೀಳುತ್ತದೆ. ಬಾಗಿಲ ಕಡೆಯ ತುದಿಯನ್ನು ಸ್ವಲ್ಪ ಎತ್ತಿ, ಎಡಕ್ಕೆ ಓರೆ ಮಾಡಿ, ವಾಪಸ್ ಒಳಗೆ ತಳ್ಳಿ. ಅದರ ಜಾಗ ಅಲ್ಲೇ.

ಹೊಸಬರ ತಂಡ ಶುರುವಾಗುವ ಮೊದಲು ಎರಡು ದಿನ ರಜೆ ಸಿಕ್ಕಿದೆ. ಮುಂದಿನ ಶನಿವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ.

ನಾನು ಎಲ್ಲಿ ಮಲಗಬೇಕು ಎಂಬುದನ್ನು ನೀವು ತೀರ್ಮಾನಿಸಿ. ಅಣ್ಣನನ್ನು ಕೇಳಬೇಡಿ.

ನಾದಿನಿ